ಚಳಿಗಾಲದ ಬೆಳಕಿನಲ್ಲಿ ಕಳೆಗಿಡಗಳ ಛಾಯಾಚಿತ್ರ

ಶಿಕಾರಿಪುರ ತಾಲ್ಲೂಕಿನ ಅಂಜನಾಪುರ ಜಲಾಶಯದ ಅಚ್ಚುಕಟ್ಟಿನಲ್ಲಿ ನೀರು ದೊರೆಯುವ ವರ್ಷ ಬೇಸಿಗೆ ಭತ್ತಕ್ಕೆ ಸಸಿಮಡಿ ಮಾಡುವ ಕಾಲ ಡಿಸೆಂಬರ್-ಜನವರಿ. ಕೊಯ್ಲಾದ ಗದ್ದೆ, ಬದು, ಕಾಲುವೆಯ ದಂಡೆಗಳಲ್ಲಿ ಆಗ ಕಾಡುಗಿಡಗಳು ಹೂಬಿಟ್ಟಿರುತ್ತವೆ. ರೈತರು ಇವುಗಳ ಚಿತ್ರವನ್ನು ಮೊಬೈಲಿನಲ್ಲಿ ತೆಗೆದು ರೈತ ಸಂಪರ್ಕ ಕೇಂದ್ರಕ್ಕೆ ಕಳುಹಿಸಿ, ಯಾವ ಔಷಧಿ ಸಿಂಪಡಿಸಬೇಕೆಂದು ಕೇಳುವುದುಂಟು. ಚಿತ್ರ ನೋಡಲು ಸೊಗಸಾಗಿರುತ್ತದೆ. ಗಿಡವನ್ನು ಗುರುತಿಸಲು ಬೇಕಾದ ಭಾಗ ಮಾತ್ರ ಅದರಲ್ಲಿರುವುದಿಲ್ಲ.

ಗುರುತು ತಪ್ಪಿದರೆ ಹಣವೂ ಹೋಗುತ್ತದೆ, ಕಳೆಯೂ ಉಳಿಯುತ್ತದೆ. 2,4-ಡಿ ಕಳೆನಾಶಕವು ಅಗಲ ಎಲೆಯ ಕಳೆಗಳನ್ನೂ ಜೇಕಿನ ಜಾತಿಯ ಹಲವು ಕಳೆಗಳನ್ನೂ ಹತೋಟಿಗೆ ತರುತ್ತದೆ. ಹುಲ್ಲಿನ ಜಾತಿಯ ಕಳೆಗಳ ಮೇಲೆ ಅದರಿಂದ ಪ್ರಯೋಜನವಿಲ್ಲ. ಭತ್ತವನ್ನೇ ಹೋಲುವ ಎಕೈನೋಕ್ಲೋವಾ ಹುಲ್ಲು ಎಳೆಯದಾಗಿದ್ದಾಗ ಅನುಭವಸ್ಥರನ್ನೂ ಏಮಾರಿಸುತ್ತದೆ. ಇದಕ್ಕೆ ಒಂದು ಖಚಿತ ಗುರುತಿದೆ. ಕಾಂಡವನ್ನು ಸುತ್ತಿದ ಎಲೆಯ ಬುಡ ಮುಗಿದು ಅಲಗು ಆರಂಭವಾಗುವ ಸಂದಿಯಲ್ಲಿ ಭತ್ತಕ್ಕೆ ತೆಳುವಾದ ನಾಲಗೆಯಂಥ ಪೊರೆ ಮತ್ತು ಎರಡು ಸಣ್ಣ ಕಿವಿಗಳಿರುತ್ತವೆ. ಎಕೈನೋಕ್ಲೋವಾಕ್ಕೆ ಇವೆರಡೂ ಇಲ್ಲ. ಆದ್ದರಿಂದ ಅಲಗನ್ನು ಮೆಲ್ಲಗೆ ಹಿಂದಕ್ಕೆ ಬಾಗಿಸಿ ಈ ಸಂದಿಯ ಚಿತ್ರವನ್ನೇ ಮೊದಲು ತೆಗೆಯಬೇಕು. ಜೇಕಾದರೆ ಕಾಂಡವನ್ನು ಅಡ್ಡಲಾಗಿ ಕತ್ತರಿಸಿ, ಮುಮ್ಮೂಲೆಯ ತುದಿಯನ್ನು ತೋರಿಸಬೇಕು. ಇಡೀ ಗಿಡ, ಹೂವು ಅಥವಾ ತೆನೆ ಆಮೇಲೆ.

ಬೆಳಕಿನ ಮಟ್ಟಿಗೆ ಈ ತಿಂಗಳುಗಳು ಬಹಳ ಅನುಕೂಲ. ಡಿಸೆಂಬರ್ ಕೊನೆಯಲ್ಲಿ ಇಲ್ಲಿ ನಡುಹಗಲಿನ ಸೂರ್ಯನೂ ಸುಮಾರು 52 ಡಿಗ್ರಿಯಷ್ಟೇ ಮೇಲೇರುತ್ತಾನೆ. ಏಪ್ರಿಲ್ ಕೊನೆಯಲ್ಲಾದರೆ ನೆತ್ತಿಯ ಮೇಲೆಯೇ ಇರುತ್ತಾನೆ. ಓರೆ ಬೆಳಕು ಎಲೆಯ ನರ, ಕಾಂಡದ ಏಣು, ರೋಮಗಳನ್ನು ಎತ್ತಿ ತೋರಿಸುತ್ತದೆ. ಕೊಯ್ಲಾದ ಗದ್ದೆಯಲ್ಲಿ ಬೆಳೆಯುವ ಕರಂಡೆ ಗಿಡದ ಕಾಂಡಕ್ಕೆ ರೆಕ್ಕೆಯಂಥ ಅಂಚಿದೆ. ಬಿಸಿಲು ಪಕ್ಕದಿಂದ ಬಿದ್ದಾಗ ಅದು ಸ್ಪಷ್ಟವಾಗಿ ಕಾಣುತ್ತದೆ. ಆದರೆ ಹೊತ್ತು ಮೂಡಿದ ಕೂಡಲೇ ಹೊರಡುವುದು ಬೇಡ. ಮಂಜಿನ ಹನಿಗಳು ಮಿನುಗಿ ರೋಮಗಳನ್ನು ಮರೆಮಾಡುತ್ತವೆ. ಅವು ಆರಿದ ಮೇಲೆ ಕೆಲಸ ಮೊದಲುಮಾಡಬಹುದು. ಗಿಡದ ಹಿಂದೆ ಒಂದು ಬಿಳಿ ಕಾಗದ ಹಿಡಿದು, ಪಕ್ಕದಲ್ಲಿ ನಾಣ್ಯವಿಟ್ಟರೆ ಬಣ್ಣಕ್ಕೂ ಗಾತ್ರಕ್ಕೂ ಆಧಾರ ಸಿಗುತ್ತದೆ. ಗಾಳಿ ಬೀಸುತ್ತಿದ್ದರೆ ಗಿಡದ ಬುಡವನ್ನು ಕೈಯಲ್ಲಿ ಹಿಡಿಯಬೇಕು.

ಚಿತ್ರವನ್ನು ತಿದ್ದುವಾಗ ಮಿತಿ ಇರಲಿ. ಬೆಳಗಿನ ಬಿಸಿಲು ಎಲ್ಲಕ್ಕೂ ಹಳದಿ ಛಾಯೆ ಕೊಡುತ್ತದೆ, ನೆರಳು ನೀಲಿ ಛಾಯೆ ಕೊಡುತ್ತದೆ. ಕಾಗದ ಬಿಳಿಯಾಗಿ ಕಾಣುವಷ್ಟು ಸರಿಪಡಿಸಿದರೆ ಸಾಕು. ಹಸಿರನ್ನು ಗಾಢ ಮಾಡುವ ಚಪಲ ಹಲವರಿಗಿದೆ. ಎಕೈನೋಕ್ಲೋವಾದ ಒಂದು ಜಾತಿಯ ಎಲೆಗಳ ಮೇಲೆ ಕೆಲವೊಮ್ಮೆ ನೇರಳೆ ಪಟ್ಟೆಗಳಿರುತ್ತವೆ. ಹೀಗೆ ತಿದ್ದಿದಾಗ ಅವು ಅಳಿಸಿಹೋಗಬಹುದು. ಅಂಚುಗಳನ್ನು ಕತ್ತರಿಸುವುದು ತಪ್ಪಲ್ಲ, ಮೂಲಚಿತ್ರವನ್ನು ಮಾತ್ರ ಅಳಿಸಬಾರದು. ವಾಟ್ಸ್‌ಆ್ಯಪ್‌ನಲ್ಲಿ ಫೋಟೋ ಎಂದು ಕಳುಹಿಸಿದರೆ ವಿವರ ಕುಗ್ಗುತ್ತದೆ, ಡಾಕ್ಯುಮೆಂಟ್ ಎಂದು ಕಳುಹಿಸಿದರೆ ಹಾಗೆಯೇ ಉಳಿಯುತ್ತದೆ. ಜೊತೆಗೆ ಊರು, ದಿನಾಂಕ, ಗದ್ದೆಯೋ ಬದುವೋ, ನೀರು ನಿಂತಿತ್ತೋ ಇಲ್ಲವೋ ಎಂಬುದನ್ನು ಬರೆಯಬೇಕು. ಬೇರುಸಹಿತ ಕಿತ್ತ ಒಂದು ಗಿಡವನ್ನು ಹಳೆಯ ವೃತ್ತಪತ್ರಿಕೆಯ ಮಡಿಕೆಯಲ್ಲಿ ಒತ್ತಿಟ್ಟಿದ್ದರೆ, ಚಿತ್ರದಿಂದ ತೀರ್ಮಾನವಾಗದಾಗ ಅದನ್ನೇ ಕೇಂದ್ರಕ್ಕೆ ಒಯ್ದು ತೋರಿಸಬಹುದು.