ಫುಲ್ ಟ್ಯಾಂಕ್ ಅಂದ್ರೆ ಎಷ್ಟು?

ಹೊಸದಾಗಿ ಬೈಕ್ ಕೈಗೆ ಬಂದಾಗ ಕ್ಲಚ್, ಗೇರ್, ಬ್ರೇಕ್ ಎಲ್ಲವನ್ನೂ ಯಾರಾದರೂ ಹೇಳಿಕೊಡುತ್ತಾರೆ. ಪೆಟ್ರೋಲ್ ಹಾಕಿಸೋದನ್ನ ಮಾತ್ರ ಯಾರೂ ಹೇಳಿಕೊಡಲ್ಲ. "ಅದರಲ್ಲೇನಿದೆ, ಬಂಕ್‌ನವರೇ ಹಾಕ್ತಾರಲ್ಲ" ಅಂತ ನಾವೂ ಸುಮ್ಮನಿರುತ್ತೇವೆ. ಆದರೆ ಕಾರಿನಲ್ಲಿ ಟ್ಯಾಂಕ್ ಇರೋದು ಎಂಜಿನ್‌ನಿಂದ ದೂರದಲ್ಲಿ; ಬೈಕ್‌ನಲ್ಲಿ ಬಿಸಿ ಎಂಜಿನ್‌ನ ನೆತ್ತಿಯ ಮೇಲೆ. ಹಾಗಾಗಿ ಈ ಪಾಠ ಸಣ್ಣದಲ್ಲ.

ಉರಿಯೋದು ಆವಿ

ಬೆಂಕಿ ಹತ್ತಿಕೊಳ್ಳೋದು ದ್ರವ ಪೆಟ್ರೋಲ್‌ಗಲ್ಲ, ಅದರ ಆವಿಗೆ. ಪೆಟ್ರೋಲ್‌ನ ಫ್ಲ್ಯಾಶ್ ಪಾಯಿಂಟ್ ಸುಮಾರು ಮೈನಸ್ 40 ಡಿಗ್ರಿ ಸೆಲ್ಸಿಯಸ್. ಅಂದರೆ ನಮ್ಮೂರಿನ ಚಳಿಗಾಲದಲ್ಲೂ ಅದು ಕಿಡಿಗೆ ಸಿಗುವಷ್ಟು ಆವಿ ಬಿಡುತ್ತಲೇ ಇರುತ್ತದೆ. ಈ ಆವಿ ಗಾಳಿಗಿಂತ ಭಾರ. ಮುಚ್ಚಳ ತೆಗೆದ ತಕ್ಷಣ ಟ್ಯಾಂಕ್‌ನ ಬದಿಯಿಂದ ಎಂಜಿನ್, ಸೈಲೆನ್ಸರ್ ಕಡೆಗೇ ಇಳಿಯುತ್ತದೆ. ಸಿಗರೇಟ್ ಬೇಡ, ಎಂಜಿನ್ ಆಫ್ ಮಾಡಿ ಅನ್ನೋದು ಇದಕ್ಕೇ.

ಬಂಕ್‌ನಲ್ಲಿ ಮಾಡಬೇಕಾದ್ದು

1. ಎಂಜಿನ್ ಆಫ್ ಮಾಡಿ, ಕೀ ತೆಗೆದು, ಬೈಕ್‌ನಿಂದ ಇಳಿಯಿರಿ. ಹಿಂದೆ ಕೂತವರೂ ಇಳಿಯಲಿ. ಕೂತಿದ್ದಾಗ ಪೆಟ್ರೋಲ್ ಚೆಲ್ಲಿದರೆ ಅದು ಬೀಳೋದು ನಮ್ಮ ಪ್ಯಾಂಟ್ ಮೇಲೆ; ಬೆಂಕಿ ಹತ್ತಿದರೆ ಹಾರಿಕೊಳ್ಳೋಕೂ ಸಮಯ ಇರಲ್ಲ.
2. ಸೆಂಟರ್ ಸ್ಟ್ಯಾಂಡ್ ಇದ್ದರೆ ಹಾಕಿ. ಸೈಡ್ ಸ್ಟ್ಯಾಂಡ್‌ನಲ್ಲಿ ವಾಲಿದ ಬೈಕ್‌ನಲ್ಲಿ ಪೆಟ್ರೋಲ್ ಮಟ್ಟ ಸರಿಯಾಗಿ ಗೊತ್ತಾಗಲ್ಲ.
3. ಫೋನ್ ಜೇಬಿನಲ್ಲಿರಲಿ, ಕಣ್ಣು ಮೀಟರ್ ಮೇಲಿರಲಿ. ಸೊನ್ನೆ ನೋಡಿದ ಮೇಲೇ "ಹಾಕಿ" ಅನ್ನಿ.
4. ಮುಚ್ಚಳ 'ಟಕ್' ಅಂತ ಕೂತಿದೆಯಾ ನೋಡಿ. ಹಳೇ ಕಾರ್ಬುರೇಟರ್ ಬೈಕ್ ರಿಸರ್ವ್‌ನಲ್ಲಿ ಬಂದಿದ್ದರೆ ನಾಬ್ ಅನ್ನು ಮತ್ತೆ ಆನ್‌ಗೆ ತಿರುಗಿಸಿ. ಇಲ್ಲದಿದ್ದರೆ ಮುಂದಿನ ಸಲ ರಿಸರ್ವೂ ಖಾಲಿಯಾಗಿ ನಡುದಾರಿಯಲ್ಲಿ ತಳ್ಳಬೇಕಾಗುತ್ತದೆ.

ಕಂಠಪೂರ್ತಿ ಯಾಕೆ ಬೇಡ?

ಫುಲ್ ಟ್ಯಾಂಕ್ ಅಂದರೆ ಮುಚ್ಚಳ ಮುಟ್ಟುವಷ್ಟು ಅಂತ ಬಹಳ ಜನ ಅಂದುಕೊಂಡಿದ್ದಾರೆ. ಒಂದು ಲೆಕ್ಕ ಮಾಡೋಣ. ಪೆಟ್ರೋಲ್ ಪ್ರತಿ ಡಿಗ್ರಿಗೆ ಸುಮಾರು ಸಾವಿರಕ್ಕೆ ಒಂದು ಪಾಲು ಹಿಗ್ಗುತ್ತದೆ. ನೆಲದಡಿಯ ಟ್ಯಾಂಕ್‌ನಿಂದ 25 ಡಿಗ್ರಿಯಲ್ಲಿ ಬಂದ 12 ಲೀಟರ್, ಪಾರ್ಕಿಂಗ್‌ನ ಬಿಸಿಲಲ್ಲಿ ನಿಂತು 45 ಡಿಗ್ರಿಗೆ ಏರಿತು ಅಂದುಕೊಳ್ಳಿ.

12 × 20 ÷ 1000 = 0.24 ಲೀಟರ್

ಒಂದು ದೊಡ್ಡ ಲೋಟದಷ್ಟು ಪೆಟ್ರೋಲ್‌ಗೆ ಜಾಗ ಬೇಕು! ಟ್ಯಾಂಕ್‌ನಲ್ಲಿ ಅದಿಲ್ಲದಿದ್ದರೆ ಗಾಳಿಕೊಳವೆಯಿಂದಲೋ ಮುಚ್ಚಳದ ಸಂದಿನಿಂದಲೋ ಹೊರಗೆ ಬರುತ್ತದೆ. 2020ರ ಏಪ್ರಿಲ್ ನಂತರದ ಬಿಎಸ್6 ಬೈಕ್‌ಗಳಲ್ಲಿ ಟ್ಯಾಂಕ್‌ನ ಆವಿ ಹಿಡಿದಿಡಲು ಇದ್ದಿಲು ತುಂಬಿದ ಡಬ್ಬಿಯೊಂದಿದೆ. ಅದು ಇರೋದು ಆವಿಗೆ. ದ್ರವವೇ ನುಗ್ಗಿದರೆ ಡಬ್ಬಿ ಹಾಳು. ಟ್ಯಾಂಕ್ ಬಾಯೊಳಗೆ ಕಾಣುವ ಕೊರಳಿನ ಕೆಳ ಅಂಚಿಗೆ ಪೆಟ್ರೋಲ್ ಬಂದರೆ ಅದೇ ಫುಲ್. ಅದರ ಮೇಲಿನ ಖಾಲಿ ಜಾಗ ನಮಗೆ ನಷ್ಟವಲ್ಲ, ವಿನ್ಯಾಸದ ಭಾಗ. "ಅಣ್ಣಾ, ಸಾಕು" ಅಂತ ನಾವೇ ಹೇಳಬೇಕು.

ತೀರಾ ಖಾಲಿಯೂ ಬೇಡ

ತಿಂಗಳ ಕೊನೆಯಲ್ಲಿ ನೂರು ರೂಪಾಯಿಗೆ ಹಾಕಿಸಿ ಓಡಿಸೋದು ನಮ್ಮೆಲ್ಲರ ಅಭ್ಯಾಸ. ಫ್ಯುಯೆಲ್ ಇಂಜೆಕ್ಷನ್ ಬೈಕ್‌ಗಳಲ್ಲಿ ಸಾಮಾನ್ಯವಾಗಿ ಪಂಪ್ ಟ್ಯಾಂಕ್ ಒಳಗೇ ಮುಳುಗಿರುತ್ತದೆ. ಪೆಟ್ರೋಲೇ ಅದನ್ನು ತಣ್ಣಗಿಡುತ್ತದೆ. ಸದಾ ಖಾಲಿ ಅಂಚಿನಲ್ಲಿ ಓಡಿಸಿದರೆ ಪಂಪ್ ಬಿಸಿಯಾಗಿ ಬೇಗ ಸವೆಯುತ್ತದೆ. ಉಳಿಸಿದ ನೂರಕ್ಕೆ ಸಾವಿರಗಳ ರಿಪೇರಿ.

ಚೆಲ್ಲಿದರೆ?

ತಕ್ಷಣ ಸ್ಟಾರ್ಟ್ ಮಾಡಬೇಡಿ. ಒರೆಸಿ, ಬೈಕ್ ತಳ್ಳಿಕೊಂಡು ಪಕ್ಕಕ್ಕೆ ಹೋಗಿ, ಪೂರ್ತಿ ಆರಲಿ. ಹಿಂದಿನವರು ಹಾರ್ನ್ ಹೊಡೆದರೆ ಹೊಡೆಯಲಿ. ಹಾಕುವಾಗಲೇ ಬೆಂಕಿ ಹತ್ತಿದರೆ ನಳಿಕೆಯನ್ನು ಟ್ಯಾಂಕ್‌ನಿಂದ ಕಿತ್ತೆಳೆಯಬಾರದು. ಉರಿಯುವ ಪೆಟ್ರೋಲ್ ಸುತ್ತಲೂ ಚಿಮ್ಮುತ್ತದೆ. ಪಂಪ್ ನಿಲ್ಲಿಸಲು ಕೂಗಿ ಹೇಳಿ, ದೂರ ಓಡಿ. ಮರಳಿನ ಬಕೆಟ್, ಬೆಂಕಿ ಆರಿಸುವ ಸಿಲಿಂಡರ್ ಬಂಕ್‌ನಲ್ಲೇ ಇರುತ್ತವೆ, ಅದನ್ನು ಬಳಸಲು ಕಲಿತವರು ಅಲ್ಲಿದ್ದಾರೆ. ಬೈಕ್ ಇನ್ನೊಂದು ಬರುತ್ತದೆ.