ಮನೆಯಲ್ಲೇ ಓದಿಸಲು ಹೊರಟ ಪುಟ್ಟಿಗೆ



ಮಗನನ್ನು ಶಾಲೆಗೆ ಹಾಕುವುದಿಲ್ಲ, ಮನೆಯಲ್ಲೇ ಓದಿಸುತ್ತೇನೆ ಎಂದು ನೀನು ಫೋನ್ ಮಾಡಿದ ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ. ಮೂವತ್ತೆರಡು ವರ್ಷ ಕರಿಹಲಗೆಯ ಮುಂದೆ ನಿಂತವನು ನಾನು. ನಿನ್ನ ಮೇಲೆ ಕೋಪವಿಲ್ಲಮ್ಮ, ದಿಗಿಲು ಅಷ್ಟೇ.

ಮೊದಲು ನೀನು ಕೇಳಿದ ಕಾನೂನಿನ ವಿಷಯ. 2009ರ ಶಿಕ್ಷಣ ಹಕ್ಕು ಕಾಯ್ದೆಯ 10ನೇ ಸೆಕ್ಷನ್ ಪ್ರಕಾರ 6ರಿಂದ 14 ವರ್ಷದ ಮಗುವನ್ನು ಹತ್ತಿರದ ಶಾಲೆಗೆ ಸೇರಿಸುವುದು ಹೆತ್ತವರ ಕರ್ತವ್ಯ. ಸೇರಿಸದವರಿಗೆ ಆ ಕಾಯ್ದೆ ದಂಡ ಹಾಕಿಲ್ಲ; ಮನೆಯಲ್ಲಿ ಕಲಿಸಿ ಎಂದು ಒಪ್ಪಿಗೆಯನ್ನೂ ಕೊಟ್ಟಿಲ್ಲ. ಇದನ್ನು ತಿಳಿದೇ ಹೆಜ್ಜೆಯಿಡು. ಅಕ್ಕಪಕ್ಕದ ಮಕ್ಕಳನ್ನು ಕೂಡಿಸಿಕೊಂಡು ಶಾಲೆಯಂತೆ ನಡೆಸಲು ಮಾತ್ರ ಹೋಗಬೇಡ, ಮಾನ್ಯತೆಯಿಲ್ಲದ ಶಾಲೆ ನಡೆಸಿದರೆ 1 ಲಕ್ಷ ರೂಪಾಯಿವರೆಗೆ ದಂಡವಿದೆ. ಮಗುವಿಗೆ 14 ತುಂಬಿದ ಮೇಲೆ ರಾಷ್ಟ್ರೀಯ ಮುಕ್ತ ಶಾಲಾ ಶಿಕ್ಷಣ ಸಂಸ್ಥೆಯಲ್ಲಿ ಹತ್ತನೇ ತರಗತಿಗೆ ಹೆಸರು ಬರೆಸಬಹುದು. ಐದು ವಿಷಯ, ಪಾಸು ಮಾಡಲು ಐದು ವರ್ಷದಲ್ಲಿ ಒಂಬತ್ತು ಅವಕಾಶ. ನಡುವೆ ಮನಸ್ಸು ಬದಲಾದರೆ ವಯಸ್ಸಿಗೆ ತಕ್ಕ ತರಗತಿಗೇ ಸೇರಿಸಿಕೊಳ್ಳಬೇಕೆಂದು 4ನೇ ಸೆಕ್ಷನ್ ಹೇಳುತ್ತದೆ. ಹಾಗೆ ವಾಪಸು ಕಳಿಸಬೇಕಾಗಿ ಬಂದರೆ ಸಂಕೋಚ ಪಡಬೇಡ.

ಇನ್ನು ಏನು ಕಲಿಸಲಿ ಎಂದೆಯಲ್ಲ. ತರಗತಿಯಲ್ಲಿ ಭಿನ್ನರಾಶಿ ಅಂದರೆ ಬೆವರುತ್ತಿದ್ದ ಹುಡುಗಿಯೊಬ್ಬಳು ಮನೆಯಲ್ಲಿ ಪಾವಿನಲ್ಲಿ ಅಕ್ಕಿ ಅಳೆದು ಐದು ಜನಕ್ಕೆ ಅನ್ನ ಮಾಡುತ್ತಿದ್ದಳು. ನಾಲ್ಕು ಪಾವು ಸೇರಿದರೆ ಒಂದು ಸೇರು ಎಂಬುದು ಅವಳ ಕೈಗೆ ಗೊತ್ತಿತ್ತು. ಅದನ್ನೇ ಹಲಗೆಯ ಮೇಲೆ ಬರೆದು ತೋರಿಸಿದ ದಿನ ಅವಳ ಮುಖ ಅರಳಿದ್ದು ಇವತ್ತಿಗೂ ಕಣ್ಣಿಗೆ ಕಟ್ಟಿದಂತಿದೆ. ನಿನ್ನ ಮಗನ ಕೈಗೂ ಅಳತೆ ಕೊಡು. ಸಂತೆಗೆ ಕರೆದುಕೊಂಡು ಹೋಗು, ಚಿಲ್ಲರೆ ಅವನೇ ಎಣಿಸಲಿ. ರಾತ್ರಿ ಕನ್ನಡ ಪುಸ್ತಕ ಹಿಡಿದು ನೀನು ಒಂದು ಪುಟ, ಅವನು ಒಂದು ಪುಟ ಗಟ್ಟಿಯಾಗಿ ಓದಿ. ತಪ್ಪಿದಲ್ಲಿ ತಕ್ಷಣ ತಿದ್ದಬೇಡ, ಎರಡು ಸಾಲು ಮುಂದೆ ಹೋದರೆ ಅವನೇ ತಿದ್ದಿಕೊಳ್ಳುತ್ತಾನೆ.

ಆದರೆ ಪುಟ್ಟಿ, ಒಂದನ್ನು ನೀನು ಎಷ್ಟೇ ಓದಿಕೊಂಡಿದ್ದರೂ ಮನೆಯಲ್ಲಿ ಕೊಡಲಾರೆ. ಬಿಸಿಯೂಟದ ಪಂಕ್ತಿಯಲ್ಲಿ ಜಮೀನಿರುವವರ ಮಗನೂ ಕೂಲಿಯವರ ಮಗನೂ ತೊಡೆಗೆ ತೊಡೆ ತಾಗಿಸಿ ಕೂರುತ್ತಿದ್ದರು. ಒಮ್ಮೆ ಒಬ್ಬನ ತಟ್ಟೆ ಮಗುಚಿತು. ಪಕ್ಕದವನು ಮಾತಿಲ್ಲದೆ ತನ್ನ ತಟ್ಟೆ ನಡುವೆ ಸರಿಸಿದ. ಅದನ್ನು ನಾನು ಕಲಿಸಿರಲಿಲ್ಲ. ನಿಮ್ಮ ಅಪಾರ್ಟ್‌ಮೆಂಟಿನ ಗೇಟಿನೊಳಗೆ ಅವನಿಗೆ ಸಿಗುವವರೆಲ್ಲ ಅವನಂಥವರೇ. ನನಗೆ ನಿದ್ದೆ ಕೆಡಿಸಿದ್ದು ಇದು.

ದಸರೆಗೆ ಅವನನ್ನು ಹದಿನೈದು ದಿನ ಇಲ್ಲಿಗೆ ಕಳಿಸು. ಸಂಜೆ ಶಾಲೆಯ ಬಯಲಿನಲ್ಲಿ ಊರಿನ ಮಕ್ಕಳೆಲ್ಲ ಲಗೋರಿ ಆಡುತ್ತಾರೆ. ಹಳೇ ಚಡ್ಡಿ ಎರಡು ಹಾಕಿ ಕಳಿಸು, ಹೊಸ ಬಟ್ಟೆ ಬೇಡ.

ನಿನ್ನ ದೊಡ್ಡಪ್ಪ