ಒಗಟಿನ ಶೀರ್ಷಿಕೆ, ಅಭಿಮಾನಿಯ ಟೀಕು: ಉಪೇಂದ್ರ ಚಿತ್ರಗಳ ಬಿಡುಗಡೆಪೂರ್ವ ಓದು

ಕನ್ನಡದಲ್ಲಿ ಸಿನಿಮಾ ಅಧ್ಯಯನವು ಬಹುಮಟ್ಟಿಗೆ ತೆರೆಯ ಮೇಲೆ ಮೂಡಿದ ಪಠ್ಯವನ್ನೇ ಆಧರಿಸಿ ನಡೆದಿದೆ. ಕಥೆ, ಪಾತ್ರ, ಕಾದಂಬರಿಯಿಂದ ಚಿತ್ರಕ್ಕಾದ ರೂಪಾಂತರ, ಭಾಷೆಯ ಬಳಕೆ ಇವು ಅದರ ಪರಿಚಿತ ನೆಲೆಗಳು. ಆದರೆ ಚಿತ್ರವೊಂದು ತೆರೆಗೆ ಬರುವ ಮೊದಲೇ ಅದರ ಸುತ್ತ ಹುಟ್ಟಿ, ಬಿಡುಗಡೆಯ ದಿನವೇ ಅಳಿದುಹೋಗುವ ಊಹೆಗಳ ಲೋಕವೊಂದಿದೆ. ಇದನ್ನು ಗಾಳಿಮಾತೆಂದು ಬದಿಗೆ ಸರಿಸುವುದೇ ವಾಡಿಕೆ. ಇನ್ನೂ ಇಲ್ಲದ ಪಠ್ಯವೊಂದನ್ನು ಸಾವಿರಾರು ಜನ ಒಟ್ಟಾಗಿ ಓದುವ ಈ ವಿದ್ಯಮಾನವು ಓದಿನ ಮೀಮಾಂಸೆಗೆ ಒಡ್ಡುವ ಪ್ರಶ್ನೆಗಳು ಮಾತ್ರ ಹಗುರವಾದವಲ್ಲ. ನಿರ್ದೇಶಕ ಉಪೇಂದ್ರ ಅವರ ಚಿತ್ರಗಳು ಇದಕ್ಕೆ ಒದಗಿಸುವಷ್ಟು ಸಾಮಗ್ರಿಯನ್ನು ಕನ್ನಡದಲ್ಲಿ ಬೇರೆಯವರ ಚಿತ್ರಗಳು ಒದಗಿಸಲಾರವು.

ಮೊದಲು ಶೀರ್ಷಿಕೆಗಳನ್ನು ಗಮನಿಸಬೇಕು. 1992ರ 'ತರ್ಲೆ ನನ್ ಮಗ' ಬೀದಿಯ ಬೈಗುಳದ ಧಾಟಿಯ ಪೂರ್ಣ ಪದಪುಂಜ. 1993ರ 'ಶ್!' ಪದವಲ್ಲ, ಮೌನವನ್ನು ಆಜ್ಞಾಪಿಸುವ ಒಂದು ಸದ್ದು. 1995ರ 'ಓಂ' ಪ್ರಣವ; 1998ರ 'ಎ' ಒಂದೇ ಅಕ್ಷರ, ಅದೂ ವಯಸ್ಕರ ಚಿತ್ರಕ್ಕೆ ಸೆನ್ಸಾರ್ ಮಂಡಳಿ ನೀಡುವ ಪ್ರಮಾಣಪತ್ರದ ಗುರುತೂ ಆಗಿರುವ ಅಕ್ಷರ. 2010ರ ಚಿತ್ರಕ್ಕೆ ಬರುವ ಹೊತ್ತಿಗೆ ಶೀರ್ಷಿಕೆ ಲಿಪಿಯನ್ನೇ ತೊರೆದು ಕೈಮುದ್ರೆಯಾಯಿತು. 'ಸೂಪರ್' ಎಂಬುದು ಆ ಮುದ್ರೆಯನ್ನು ಬಾಯಿಂದ ಹೇಳುವ ರೀತಿ. 2022ರಲ್ಲಿ ಘೋಷಣೆಯಾದ ಚಿತ್ರದ ಹೆಸರಂತೂ ವೈಷ್ಣವ ನಾಮದ ಆಕಾರದ ಒಂದು ಚಿಹ್ನೆ. ಪದದಿಂದ ಅಕ್ಷರಕ್ಕೆ, ಅಕ್ಷರದಿಂದ ಚಿತ್ರಕ್ಕೆ ಸಾಗುವ ಈ ನಡೆಯಲ್ಲಿ ಶೀರ್ಷಿಕೆಯು ಹೆಸರಿಸುವ ತನ್ನ ಕೆಲಸವನ್ನು ಪ್ರೇಕ್ಷಕನಿಗೆ ವಹಿಸುತ್ತ ಹೋಗಿದೆ. ಹೆಸರನ್ನು ಉಚ್ಚರಿಸಬೇಕಾದರೂ ಮೊದಲು ಅದನ್ನು ಅರ್ಥೈಸಲೇಬೇಕು.

ಇದರೊಂದಿಗೆ ಕಾಲದ ಅಂತರವೂ ಸೇರಿಕೊಂಡಿದೆ. 1999ರ 'ಉಪೇಂದ್ರ' ಚಿತ್ರಕ್ಕೂ ಅವರ ಮುಂದಿನ ನಿರ್ದೇಶನಕ್ಕೂ ನಡುವೆ 11 ವರ್ಷ. ಅಲ್ಲಿಂದ 2015ರ 'ಉಪ್ಪಿ 2'ಕ್ಕೆ 5 ವರ್ಷ. ಆಮೇಲೆ 2024ರ ಡಿಸೆಂಬರ್ 20ರಂದು ತೆರೆಕಂಡ 'ಯುಐ'ಗೆ 9 ವರ್ಷ. ಊಹೆ ಬೇರುಬಿಡಲು ಇಂಥ ಬಿಡುವು ಬೇಕು.

'ಯುಐ' ಚಿಹ್ನೆಯನ್ನು ಜನ ಓದಿದ ಬಗೆಗಳಲ್ಲಿ ಎರಡು ವಿಶೇಷ ಗಮನಕ್ಕೆ ಅರ್ಹ. ಒಂದು, ಇಂಗ್ಲಿಷ್ ಅಕ್ಷರಗಳನ್ನು ಸರ್ವನಾಮಗಳಾಗಿ ಕೇಳಿಸಿಕೊಂಡು 'ನೀನು-ನಾನು' ಎಂದು ಬಿಡಿಸಿದ್ದು. 'ಉಪೇಂದ್ರ' ಚಿತ್ರದ ನಾಯಕನ ಹೆಸರು 'ನಾನು', 'ಉಪ್ಪಿ 2'ರ ನಾಯಕ 'ನೀನು' ಎಂಬುದನ್ನು ನೆನೆದರೆ, ಈ ಓದು ಮೂರು ಚಿತ್ರಗಳನ್ನು ಒಂದೇ ಪಠ್ಯವಾಗಿ ಕಟ್ಟಿಕೊಂಡದ್ದು ತಿಳಿಯುತ್ತದೆ. ಹಿಂದಿನ ಕೃತಿಗಳ ನೆನಪಿನಿಂದ ಮುಂದಿನ ಕೃತಿಯನ್ನು ಎದುರುನೋಡುವ ಈ ಕ್ರಮವು ಜರ್ಮನ್ ವಿಮರ್ಶಕ ಯಾಸ್ ಹೇಳಿದ 'ನಿರೀಕ್ಷೆಯ ದಿಗಂತ'ಕ್ಕೆ ಒಳ್ಳೆಯ ನಿದರ್ಶನ. ಎರಡನೆಯದು 'ನಾಮ' ಎಂಬ ಓದು. ಕನ್ನಡದಲ್ಲಿ ನಾಮ ಎಂದರೆ ಹೆಸರು, ಹಣೆಯ ಮೇಲಿನ ಧಾರ್ಮಿಕ ಗುರುತು. 'ನಾಮ ಹಾಕು' ಎಂದರೆ ವಂಚಿಸು. ಹೆಸರಿಲ್ಲದ ಚಿತ್ರಕ್ಕೆ 'ಹೆಸರು' ಎಂಬುದೇ ಹೆಸರಾಗಿ, ಅದು ಪೂಜ್ಯವೂ ಮೋಸವೂ ಆಗುವ ಈ ಶ್ಲೇಷೆ ಇಂಗ್ಲಿಷಿನ ಹಂಗಿಲ್ಲದೆ ಕನ್ನಡದ ಒಳಗಿಂದಲೇ ಹುಟ್ಟಿದ್ದು. ಅಲಂಕಾರಶಾಸ್ತ್ರದ ತರಗತಿಯಲ್ಲಿ ಶ್ಲೇಷೆಗೆ ಹಳೆಯ ಉದಾಹರಣೆಗಳನ್ನಷ್ಟೇ ಕೊಡುವವರು ಇದನ್ನೂ ಪರಿಶೀಲಿಸಬಹುದು. 2023ರ ಸೆಪ್ಟೆಂಬರಿನಲ್ಲಿ ಬಂದ ಟೀಸರಿನಲ್ಲಿ ದೃಶ್ಯವೇ ಇರಲಿಲ್ಲ. ಕತ್ತಲ ತೆರೆ, ಬರಿಯ ಧ್ವನಿ. ನೋಡಬೇಕಾದುದನ್ನು ಪ್ರೇಕ್ಷಕನ ಕಲ್ಪನೆಗೆ ಇದಕ್ಕಿಂತ ನೇರವಾಗಿ ಒಪ್ಪಿಸುವುದು ಕಷ್ಟ.

ಕನ್ನಡಕ್ಕೆ ಈ ಬಗೆಯ ಗೂಢೋಕ್ತಿ ಹೊಸದಲ್ಲ. ಜನಪದರ ಒಗಟು, ಅಲ್ಲಮನ ಬೆಡಗಿನ ವಚನ, ದಾಸರ ಮುಂಡಿಗೆ ಎಲ್ಲವೂ ಮರೆಮಾಡಿ ಹೇಳುವ ಪರಂಪರೆಯವು. ಆದರೆ ಇವುಗಳನ್ನು ಒಂದೇ ಗಂಟಿನಲ್ಲಿ ಕಟ್ಟುವುದು ಸರಿಯಲ್ಲ. ಒಗಟಿಗೆ ಸಮುದಾಯ ಒಪ್ಪಿದ ಉತ್ತರವಿದೆ; ಉತ್ತರ ಸಿಕ್ಕೊಡನೆ ಆಟ ಮುಗಿಯುತ್ತದೆ. ಬೆಡಗಿಗೆ 15ನೆಯ ಶತಮಾನದ ಟೀಕಾಕಾರರು ಪದಪದಕ್ಕೂ ತಾತ್ವಿಕ ಸಂಕೇತಾರ್ಥ ಬರೆದರೂ ಆ ವಚನಗಳು ಟೀಕಿನೊಳಗೆ ಮುಗಿದುಹೋಗಲಿಲ್ಲ. ಇಂದಿಗೂ ಹೊಸ ಓದುಗಳನ್ನು ಬೇಡುತ್ತಲೇ ಇವೆ. ಅಭಿಮಾನಿಗಳ ಊಹೆ ಈ ಎರಡರ ನಡುವೆ ತುಯ್ದಾಡುತ್ತದೆ. ಬಿಡುಗಡೆಗೆ ಮೊದಲು ಅದು ಬೆಡಗಿನ ಓದಿನಂತೆ ಬಹುಮುಖಿ. ಬಿಡುಗಡೆಯಾದೊಡನೆ ಒಗಟಿನ ನಿಯಮಕ್ಕೆ ಇಳಿಯುತ್ತದೆ: ಯಾರ ಉತ್ತರ ಸರಿ, ಯಾರದು ತಪ್ಪು ಎಂಬ ಲೆಕ್ಕ ಶುರುವಾಗುತ್ತದೆ, ಸರಿಯುತ್ತರದ ಅಧಿಕಾರ ನಿರ್ದೇಶಕನ ಕೈಗೆ ಮರಳುತ್ತದೆ.

ಪ್ರಶ್ನೆ ಗಂಭೀರವಾಗುವುದು ಇಲ್ಲಿ. 'ಎ' ಚಿತ್ರವು 'ಬುದ್ಧಿವಂತರಿಗೆ ಮಾತ್ರ' ಎಂಬ ಘೋಷಣೆಯೊಂದಿಗೆ ಬಂದಿತು. ಕಾಲಕ್ರಮವನ್ನು ಹಿಂದುಮುಂದು ಮಾಡಿ ಕಥೆ ಹೇಳಿದ ಆ ಚಿತ್ರಕ್ಕೆ ಅದು ಒಂದು ಮಟ್ಟಿಗೆ ಒಪ್ಪುವ ಎಚ್ಚರಿಕೆಯೇ. ಸಾಮಾನ್ಯ ಪ್ರೇಕ್ಷಕನಿಗೆ ಅರ್ಥವಾಗದೆಂದು ಉದ್ಯಮ ನಂಬಿದ್ದ ಕಥನಕ್ರಮವನ್ನು ಅದೇ ಪ್ರೇಕ್ಷಕ ಗೆಲ್ಲಿಸಿದ್ದು ಸಣ್ಣ ಸಂಗತಿಯಲ್ಲ. ಆದರೆ ಆ ಘೋಷಣೆ ಕ್ರಮೇಣ ಗುರಾಣಿಯಾಯಿತು. 'ಉಪೇಂದ್ರ' ಚಿತ್ರದ ನಾಯಕ ಹೆಣ್ಣನ್ನು ಕುರಿತು ಆಡುವ ಮಾತುಗಳಿಗೆ ಆಕ್ಷೇಪ ಎತ್ತಿದರೆ, 'ನಾನು' ವ್ಯಕ್ತಿಯಲ್ಲ, ಅಹಂಕಾರದ ರೂಪಕ. ಅದು ತಿಳಿಯದವರಿಗೆ ಚಿತ್ರ ತಿಳಿದಿಲ್ಲ ಎಂಬ ಸಮರ್ಥನೆ ಸಿದ್ಧವಾಗಿರುತ್ತದೆ. ರೂಪಕವೆಂಬುದು ನಿಜವಿರಬಹುದು. ಆದರೂ ಚಪ್ಪಾಳೆ ಬಿದ್ದದ್ದು ರೂಪಕಕ್ಕೋ ಮಾತಿಗೋ ಎಂದು ಕೇಳುವ ಹಕ್ಕನ್ನು ವಿಮರ್ಶೆ ಬಿಟ್ಟುಕೊಡಲಾಗದು. ಒಗಟಿನ ಚೌಕಟ್ಟು ಭಿನ್ನಾಭಿಪ್ರಾಯವನ್ನು ಅಜ್ಞಾನವೆಂದು ಮರುಹೆಸರಿಸುತ್ತದೆ. ಒಪ್ಪದವನು ದಡ್ಡನಾಗುತ್ತಾನೆ.

'ಯುಐ' ಚಿತ್ರವು ಈ ಇಕ್ಕಟ್ಟನ್ನು ಅರಿತಂತೆ ವರ್ತಿಸುತ್ತದೆ. ಬುದ್ಧಿವಂತರು ಈಗಲೇ ಎದ್ದುಹೋಗಿ, ದಡ್ಡರು ಮಾತ್ರ ಪೂರ್ತಿ ನೋಡಿ ಎಂಬ ಅರ್ಥದ ಆರಂಭದ ಸೂಚನೆ 1998ರ ಘೋಷಣೆಯನ್ನು ತಲೆಕೆಳಗು ಮಾಡುತ್ತದೆ. ಚಿತ್ರದೊಳಗೇ ಒಂದು ಚಿತ್ರ ಬಿಡುಗಡೆಯಾಗಿ, ಅದನ್ನು ಅರ್ಥೈಸಲಾಗದ ವಿಮರ್ಶಕನೊಬ್ಬ ನಿರ್ದೇಶಕನ ಮೂಲಕಥೆಯನ್ನು ಹುಡುಕಿ ಹೊರಡುತ್ತಾನೆ. ಅಂದರೆ ಎರಡು ವರ್ಷ ಹೊರಗೆ ನಡೆದ ಊಹಾಪೋಹವೇ ಕಥಾವಸ್ತುವಾಗಿ ಒಳಗೆ ಬಂದಿದೆ. ಇದು ಜಾಣ ಉಪಾಯ, ಒಂದಿಷ್ಟು ಅನುಕೂಲದ ಉಪಾಯವೂ ಹೌದು: ವಿಮರ್ಶಕನನ್ನು ಮೊದಲೇ ಪಾತ್ರವಾಗಿಸಿದ ಮೇಲೆ ಹೊರಗಿನ ವಿಮರ್ಶಕ ಏನೆಂದರೂ ಅದು ಚಿತ್ರದ ಲೆಕ್ಕಕ್ಕೇ ಸೇರುತ್ತದೆ. 1960ರಲ್ಲಿ 'ಸೈಕೋ' ಬಿಡುಗಡೆಯಾದಾಗ ಹಿಚ್‌ಕಾಕ್ ತಡವಾಗಿ ಬಂದವರನ್ನು ಒಳಗೆ ಬಿಡದೆ, ಅಂತ್ಯವನ್ನು ಹೊರಗೆ ಹೇಳಬೇಡಿರೆಂದು ಕೋರಿದ್ದರು. ಅಲ್ಲಿ ಕಾಪಾಡಿದ್ದು ಒಂದು ಘಟನೆಯ ಗುಟ್ಟನ್ನು. ಇಲ್ಲಿ ಕಾಪಾಡುತ್ತಿರುವುದು ಅರ್ಥದ ಮೇಲಿನ ಒಡೆತನವನ್ನು.

ಆದರೂ ಒಡೆತನ ಪೂರ್ತಿ ಕೈಸೇರಿಲ್ಲ ಎನ್ನಲು 'ಎ' ಚಿತ್ರವೇ ಸಾಕ್ಷಿ. 2024ರ ಮೇ ತಿಂಗಳಲ್ಲಿ ಅದು ಮತ್ತೆ ಚಿತ್ರಮಂದಿರಗಳಿಗೆ ಬಂದಾಗ ಅದರಲ್ಲಿ ಬಿಡಿಸಬೇಕಾದ ಒಗಟು ಉಳಿದಿರಲಿಲ್ಲ. ಕಥೆ ಎಲ್ಲಿ ತಿರುಗುತ್ತದೆಂಬುದು 26 ವರ್ಷಗಳಿಂದ ಊರಿಗೆಲ್ಲ ತಿಳಿದ ವಿಷಯ. ಉತ್ತರ ಗೊತ್ತಿದ್ದೂ ಜನ ಟಿಕೆಟ್ ಕೊಂಡರು. 'ಓಂ' ಮರುಬಿಡುಗಡೆಗಳ ದೀರ್ಘ ಇತಿಹಾಸವೂ ಇಂಥದೇ. ಬಿಡಿಸಿಯಾದ ಒಗಟನ್ನು ಮತ್ತೆ ಕೇಳಲು ಬರುವ ಈ ಪ್ರೇಕ್ಷಕ, ಬಿಡುಗಡೆಗೆ ಮೊದಲು ಊಹಿಸುತ್ತ ಕೂತಿದ್ದ ಪ್ರೇಕ್ಷಕನಿಗಿಂತ ಬೇರೆ ರೀತಿಯ ಓದುಗ. ಅವನ ಓದನ್ನು ದಾಖಲಿಸುವ ಕೆಲಸ ಇನ್ನೂ ಆರಂಭವಾಗಬೇಕಾಗಿದೆ.